ತಮ್ಮನ ಕಥೆ, ಅಕ್ಕನ ದನಿ

ತಮ್ಮನ ಗಂಟಲು ಕೈಕೊಟ್ಟಿದ್ದು ಸಭೆಯಲ್ಲಿ ತನ್ನ ಕಥೆ ಓದಬೇಕಾದ ದಿನವೇ. ಬೆಳಿಗ್ಗೆ ಎದ್ದಾಗ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿದ್ದ ದನಿ ಮಧ್ಯಾಹ್ನದ ಹೊತ್ತಿಗೆ ಅದನ್ನೂ ನಿಲ್ಲಿಸಿತು. ಫೋನ್ ಮಾಡಿದ ಅಕ್ಕನಿಗೆ ಆ ಕಡೆಯಿಂದ ಬರೀ ಗಾಳಿ ಕೇಳಿಸಿತು. "ಹಲೋ, ಯಾರಾದ್ರೂ ಇದ್ದೀರಾ?" ಎಂದು ಮೂರು ಸಲ ಕೂಗಿ, ಆಮೇಲೆ ಫ್ಲಾಸ್ಕಿಗೆ ಬಿಸಿನೀರು ತುಂಬಿಸಿಕೊಂಡು ತಾನೇ ಹೊರಟುಬಂದಳು.

ಅಕ್ಕ ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತವಳು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ದಾರಿ ತಪ್ಪಿ ವಿಚಾರಣೆ ಕಿಟಕಿಯ ಹತ್ತಿರ ಅಳುತ್ತ ಕೂತಿದೆ ಎಂಬುದನ್ನೆಲ್ಲ ಊರಿಗೆ ಊರೇ ಅವಳ ಬಾಯಿಂದ ಕೇಳಿತ್ತು. ನಿವೃತ್ತಳಾಗಿ ಎರಡು ವರ್ಷವಾಗಿದ್ದರೂ ತರಕಾರಿ ಅಂಗಡಿಯಲ್ಲಿ ಅವಳು ಮಾತಾಡಿದರೆ ಪಕ್ಕದವರು ಗಾಬರಿಯಿಂದ ಚೀಲ ಎತ್ತಿಕೊಳ್ಳುತ್ತಿದ್ದರು.

ತಮ್ಮ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಮಿಸ್ಟ್. ಹತ್ತು ವರ್ಷ ಬರೆದು, ಹರಿದು, ಮತ್ತೆ ಬರೆದು, ಈ ವರ್ಷ ಒಂದು ಕಥಾಸಂಕಲನ ತಂದಿದ್ದ. ಅವನು ಓದಿದ ವಿಶ್ವವಿದ್ಯಾಲಯದ ಎಲ್‌ಜಿಬಿಟಿ ಹಳೆಯ ವಿದ್ಯಾರ್ಥಿಗಳ ಬಳಗ ವರ್ಷಕ್ಕೊಂದು ಸಂಜೆ ತಮ್ಮವರ ಪುಸ್ತಕಗಳನ್ನು ತಮ್ಮವರ ಬಾಯಿಂದಲೇ ಓದಿಸುತ್ತಿತ್ತು. ಈ ಸಲದ ಮೂವರಲ್ಲಿ ಅವನೂ ಒಬ್ಬ.

ತಮ್ಮ ಎಂಥವನು, ಹದಿನಾಲ್ಕು ವರ್ಷದಿಂದ ಅವನ ಮನೆಯಲ್ಲಿರುವ ಗಂಡಸು ಅವನಿಗೆ ಏನಾಗಬೇಕು ಎಂಬುದು ಅಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಆ ವಿಷಯಕ್ಕೆ ಬಾಯಿ ಹಾಕಿರಲಿಲ್ಲ. ಆ ಗಂಡಸು ಆಸ್ಪತ್ರೆಯಲ್ಲಿ ನರ್ಸು. ಮಾತ್ರೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು ಎಂದು ಅಪ್ಪ ಅವನಿಗೆ 'ಸಾಹೇಬರು' ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಅದೇ ಉಳಿದುಕೊಂಡಿತ್ತು. ಸಾಹೇಬರ ಡ್ಯೂಟಿ ಮುಗಿಯುವುದು ಆರು ಗಂಟೆಗೆ. ದನಿಯಿಲ್ಲದ ತಮ್ಮನನ್ನು ಒಬ್ಬನೇ ಕಳಿಸಲು ಮನಸ್ಸು ಬಾರದೆ ಅಕ್ಕನೇ ಜೊತೆಗೆ ಹೊರಟಳು.

ಕಾರ್ಯಕ್ರಮ ನಡೆಯುವುದು ಸಸ್ಯಶಾಸ್ತ್ರ ವಿಭಾಗದ ಹಳೆಯ ಕೊಠಡಿಯಲ್ಲಿ. ಮೆಟ್ಟಿಲು ಮೆಟ್ಟಿಲಾಗಿ ಏರಿದ ಬೆಂಚುಗಳು, ಅವುಗಳ ಮೇಲೆ ಯಾವ ಕಾಲದಲ್ಲೋ ಕೈವಾರದ ಮೊನೆಯಿಂದ ಕೆತ್ತಿದ ಹೆಸರುಗಳು. ಅರವತ್ತು ಎಪ್ಪತ್ತು ಜನ ಸೇರಿದ್ದರು. ಇಪ್ಪತ್ತೈದರವರೂ ಇದ್ದರು, ಎಪ್ಪತ್ತು ದಾಟಿದವರೂ ಇದ್ದರು; ಬಹಳ ದಿನಕ್ಕೆ ಸಿಕ್ಕವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಬಿಡುತ್ತಲೇ ಇರಲಿಲ್ಲ. ಇವರಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಲೆಕ್ಕ ಹಾಕಲು ಹೊರಟ ಅಕ್ಕ ಎರಡನೇ ಸಾಲಿಗೇ ಸೋತು ಕೈಬಿಟ್ಟಳು.

ಕಾರ್ಯಕ್ರಮದ ಹೊಣೆ ಹೊತ್ತಿದ್ದವಳು ವಿಶ್ವವಿದ್ಯಾಲಯದ ಗ್ರಂಥಪಾಲಕಿ. ತಮ್ಮನ ಬಾಯಿಂದ ಹೊರಟ ಗಾಳಿ ಕೇಳಿ ಅವಳ ಮುಖ ಸಣ್ಣದಾಯಿತು.

"ಒಂದು ಪದಾನೂ ಬರಲ್ವಾ?"

"ಮಧ್ಯಾಹ್ನದಿಂದ ಹೀಗೇ ಇದಾನೆ," ಅಕ್ಕ ಅವನ ಪರವಾಗಿ ಹೇಳಿದಳು. "ಚಿಕ್ಕಂದಿನಿಂದ್ಲೂ ಅಷ್ಟೇ, ಪರೀಕ್ಷೆ ಬಂದ್ರೆ ಇವನಿಗೆ ಏನಾದ್ರೊಂದು ಬರ್ಬೇಕು."

ಗ್ರಂಥಪಾಲಕಿ ಅವಳನ್ನೇ ನೋಡಿದಳು. "ನಿಮ್ಮ ದನಿ ಎಲ್ಲೋ ಕೇಳಿದೀನಲ್ಲ?"

"ಬಸ್ ಸ್ಟ್ಯಾಂಡಲ್ಲಿ ಕೇಳಿರ್ತೀರ."

"ಅಯ್ಯೋ! ಹಾಸ್ಟೆಲಲ್ಲಿದ್ದಾಗ ಪ್ರತಿ ಶನಿವಾರ ನೀವು ಹೇಳಿದ ಬಸ್ಸೇ ಹತ್ತಿ ನಾನು ಮನೆಗೆ ಹೋಗಿದ್ದು! ಇನ್ಯಾಕೆ ಯೋಚನೆ? ನೀವೇ ಓದಿಬಿಡಿ."

ಅಕ್ಕ ಹೂಂ ಎನ್ನುವ ಮೊದಲೇ ತಮ್ಮ ಎರಡೂ ಕೈ ಬೀಸಿ ಬೇಡವೆಂದ. ಯಾರೂ ಒಪ್ಪದಿದ್ದಾಗ ಪುಸ್ತಕ ಬಿಡಿಸಿ ಮೊದಲ ಕಥೆಯ ಮೇಲೆ ಬೆರಳಿಟ್ಟು, ಇದನ್ನು ಓದು ಎಂದು ಸನ್ನೆ ಮಾಡಿದ. ಅದು ಪ್ರಯೋಗಾಲಯಕ್ಕೆ ನುಗ್ಗಿದ ಬೆಕ್ಕಿನ ಕಥೆ. ಆದರೆ ಬೆಂಚಿನ ಮೇಲಿದ್ದ ಕಾರ್ಯಕ್ರಮದ ಹಾಳೆಗಳಲ್ಲಿ ಅವನ ಹೆಸರಿನ ಮುಂದೆ 'ಅಪ್ಪನ ಕೋಣೆ' ಎಂದು ಅಚ್ಚಾಗಿತ್ತು. ಅಕ್ಕ ಕನ್ನಡಕ ಏರಿಸಿ ಎರಡನ್ನೂ ನೋಡಿದಳು.

"ಬೋರ್ಡ್ ಒಂದು ಊರಿಂದು, ಬಸ್ಸು ಹೋಗೋದು ಇನ್ನೊಂದು ಊರಿಗೆ ಅಂದ್ರೆ ಜನ ಸುಮ್ನಿರ್ತಾರೇನೋ? ಇದನ್ನೇ ಓದ್ತೀನಿ."

ತಮ್ಮ ಅವಳ ಮೊಣಕೈ ಹಿಡಿದ. ಆ ಹಿಡಿತದಲ್ಲಿ ಏನೋ ಇದೆ ಎಂದು ಅಕ್ಕನಿಗೆ ಅನ್ನಿಸಿತು. ಪುಸ್ತಕ ಬಂದು ಮೂರು ತಿಂಗಳಾಗಿದ್ದರೂ ಅವಳು ಓದಿರಲಿಲ್ಲ. ಓದಲು ಧೈರ್ಯ ಬಂದಿರಲಿಲ್ಲ. ಅಷ್ಟರಲ್ಲಿ ಕಾರ್ಯಕ್ರಮ ಶುರುವಾಗಿ, ಮೊದಲಿಗೆ ಕವಿತೆ ಓದಿದ ವಕೀಲೆ ಚಪ್ಪಾಳೆಯ ನಡುವೆ ಕೆಳಗಿಳಿದಳು. ಗ್ರಂಥಪಾಲಕಿ ಅಕ್ಕನನ್ನು ಕರೆದಳು.

ಮೊದಲ ಪುಟ ಸಲೀಸಾಗಿ ಹೋಯಿತು. ಅಪ್ಪನ ಕೊನೆಯ ಕಾಯಿಲೆ, ಅಕ್ಕನ ಮನೆಯ ಹಿಂದಿನ ಕೋಣೆ, ಕಿಟಕಿಗೆ ಅಡ್ಡವಾಗಿ ಹಾಕಿದ ಮಂಚ. ರಜೆ ಹಾಕಿ ಬಂದು ನಲವತ್ತು ದಿನ ಅಪ್ಪನ ಮೈ ಒರೆಸಿ, ಮಗ್ಗುಲು ಬದಲಿಸಿ, ಗಡ್ಡ ಹೆರೆದ ಸಾಹೇಬರು. ಬೇರೆ ಯಾರ ಕೈಯಿಂದಲೂ ಗುಟುಕು ನೀರು ಕುಡಿಯದೆ "ಸಾಹೇಬ್ರು ಬರ್ಲಿ" ಎಂದು ಹಟ ಹಿಡಿಯುತ್ತಿದ್ದ ಅಪ್ಪ. ಜನ ನಕ್ಕರು. ಅಕ್ಕನೂ ನಗುತ್ತ ಪುಟ ತಿರುಗಿಸಿದಳು.

'ಅಕ್ಕನ ನಾದಿನಿ ನೋಡಲು ಬಂದರು. ಅಪ್ಪನ ತಲೆ ಎತ್ತಿ ಹಿಡಿದಿದ್ದವನನ್ನು ತೋರಿಸಿ, ಇವರು ಯಾರು ಎಂದು ಕೇಳಿದರು.'

ಅಕ್ಕನ ನಾಲಿಗೆ ಅಲ್ಲೇ ನಿಂತಿತು. ಮುಂದಿನ ಸಾಲುಗಳನ್ನು ಕಣ್ಣು ಆಗಲೇ ಓದಿಬಿಟ್ಟಿತ್ತು. ಮೊದಲ ಬೆಂಚಿನಲ್ಲಿ ತಮ್ಮ ತಲೆ ತಗ್ಗಿಸಿ ಕೂತಿದ್ದ. ಮೇಲೆ, ಹಿಂದಿನ ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಆಸ್ಪತ್ರೆಯ ಬಿಳಿ ಬೂಟಿನಲ್ಲೇ ಸಾಹೇಬರು ಒಳಗೆ ಬಂದು ಗೋಡೆಗೆ ಒರಗಿ ನಿಂತರು.

ಐದು ಸಾಲು ಹಾರಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂವತ್ತೊಂದು ವರ್ಷ ಕೈಗೆ ಬಂದ ಚೀಟಿಯನ್ನು ಇದ್ದ ಹಾಗೇ ಓದಿದವಳು ಅವಳು. ಇದನ್ನೂ ಹಾಗೇ ಓದಿದಳು.

'ಆಸ್ಪತ್ರೆಯಿಂದ ಕಳಿಸಿರೋ ನರ್ಸು ಎಂದಳು ಅಕ್ಕ. ಅದೇನೂ ಪೂರಾ ಸುಳ್ಳಲ್ಲ, ಅವನು ನರ್ಸೇ. ಆದರೆ ಅಷ್ಟು ಮಾತಿನಿಂದ ಅವನನ್ನು ಆ ಕೋಣೆಯಿಂದ ಆಚೆಗೆ ಕಳಿಸಿದಂತಾಯಿತು. ಅವನು ಮಾತ್ರ ಕದಲಲಿಲ್ಲ. ಅಪ್ಪನ ತಲೆ ಅವನ ಕೈಯಲ್ಲಿತ್ತು.'

ಉಳಿದ ಪುಟ ಹೇಗೆ ಓದಿ ಮುಗಿಸಿದಳೋ ಅವಳಿಗೇ ತಿಳಿಯದು. ಚಪ್ಪಾಳೆ ನಿಂತ ಮೇಲೆ ಮೂರನೇ ಸಾಲಿನ ಹಿರಿಯರೊಬ್ಬರು ಕೈ ಎತ್ತಿದರು.

"ನಾನು ಕಥೆಗಾರರನ್ನೇ ಕೇಳೋಣ ಅಂತಿದ್ದೆ. ಆ ಅಕ್ಕ ಇದನ್ನ ಓದಿದಾರಾ? ಏನಂದ್ರು?"

ತಮ್ಮ ಗಡಬಡಿಸಿ ಎದ್ದ. ಅಕ್ಕ ಕೂರು ಎಂದು ಸನ್ನೆ ಮಾಡಿದಳು.

"ಈಗಷ್ಟೇ ಓದಿದಳು," ಎಂದಳು. "ಆ ಅಕ್ಕ ನಾನೇ."

ಅವಳು ಪುಸ್ತಕ ಮುಚ್ಚಿ ಕನ್ನಡಕ ತೆಗೆದಳು.

"ಇವನು ಬರೆದಿದ್ದೆಲ್ಲ ನಿಜ. ಒಂದು ಮಾತ್ರ ಇವನಿಗೆ ಗೊತ್ತಿರ್ಲಿಲ್ಲ. ಅವತ್ತು ನಾದಿನಿ ಹೋದ್ಮೇಲೆ ನಾನು ಅಡುಗೆಮನೇಲಿ ನಲ್ಲಿ ಬಿಟ್ಕೊಂಡು ನಿಂತಿದ್ದೆ. ಪಾತ್ರೆ ತೊಳೀತಿದಾಳೆ ಅಂತ ಎಲ್ರೂ ಅಂದ್ಕೊಂಡ್ರು. ಒಂದು ಪಾತ್ರೆನೂ ಇರ್ಲಿಲ್ಲ. ಹೆದರಿದ್ದೆ ಅಷ್ಟೇ. ಯಾರೇನಂತಾರೋ ಅಂತ. ಈಗ ಯೋಚನೆ ಮಾಡಿದ್ರೆ, ಯಾರು ಏನಂದಿದ್ರೂ ನಂಗೇನಾಗ್ತಿತ್ತು ಹೇಳಿ?" ಅವಳು ಮೇಲಿನ ಬಾಗಿಲಿನ ಕಡೆ ಕೈ ತೋರಿಸಿದಳು. "ನಮ್ಮಪ್ಪನ್ನ ನೋಡ್ಕೊಂಡವರು ಅಗೋ ಅಲ್ಲಿ ನಿಂತಿದಾರೆ. ನನ್ನ ತಮ್ಮನ ಮನೆಯವರು."

ಎಪ್ಪತ್ತು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು. ಏನು ಮಾಡಬೇಕೆಂದು ತೋಚದೆ ಸಾಹೇಬರು ಹಾಜರಿ ಕೂಗಿದಾಗ ಎತ್ತುವಂತೆ ಒಂದು ಕೈ ಎತ್ತಿದರು. ಯಾರೋ ನಕ್ಕರು, ಯಾರೋ ಮೂಗು ಒರೆಸಿಕೊಂಡರು. ಆಮೇಲೆ ಬಿದ್ದ ಚಪ್ಪಾಳೆಯ ನಡುವೆ ಗ್ರಂಥಪಾಲಕಿ ಮೂರನೆಯ ಲೇಖಕಿಯನ್ನು ಕರೆಯಲು ಎರಡು ಸಲ ಪ್ರಯತ್ನಿಸಬೇಕಾಯಿತು.

ಓದು ಮುಗಿದ ಮೇಲೆ ಮೊಗಸಾಲೆಯಲ್ಲಿ ಚಹಾ ಇತ್ತು. ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುವವರು ತಮ್ಮನನ್ನು ಮುತ್ತಿಕೊಂಡಿದ್ದರು. ಸಾಹೇಬರು ಅಕ್ಕನ ಹತ್ತಿರ ಬಂದು ನಿಂತರು.

"ಏನಾದ್ರೂ ತಿಂದ್ಯಾ?" ಅಕ್ಕ ಕೇಳಿದಳು.

ಹದಿನಾಲ್ಕು ವರ್ಷ 'ಬನ್ನಿ, ಹೋಗಿ' ಎಂದು ಮರ್ಯಾದೆಯ ದೂರದಲ್ಲೇ ಇಟ್ಟಿದ್ದವಳ ಬಾಯಲ್ಲಿ ಏಕವಚನ ಕೇಳಿ ಅವನು ಕಣ್ಣು ಮಿಟುಕಿಸಿದ.

"ಇಲ್ಲ ಅಕ್ಕ. ಡ್ಯೂಟಿಯಿಂದ ಸೀದಾ ಬಂದೆ."

ಅವಳು ಅವನ ಕೈಗೆ ಎರಡು ಬಿಸ್ಕತ್ತು ಇಟ್ಟಳು. "ಅವತ್ತು ನಾನು ಹಾಗಂದಾಗ ನಿಂಗೆ ನೋವಾಯ್ತಾ?"

ಪರವಾಗಿಲ್ಲ ಬಿಡಿ ಎನ್ನುವ ಮಾತು ಅವನ ತುಟಿಯವರೆಗೆ ಬಂದಂತಿತ್ತು. "ಆಯ್ತು ಅಕ್ಕ," ಎಂದ. "ತುಂಬಾ ದಿನ ಇತ್ತು."

"ನನ್ನ ಹತ್ರ ಹೇಳ್ಬೇಕಿತ್ತು."

"ಈಗ ಹೇಳಿದ್ನಲ್ಲ."

ಅಕ್ಕ ತಲೆಯಾಡಿಸಿದಳು. "ತಪ್ಪಾಯ್ತು ಕಣೋ," ಎಂದಳು. ಊರಿಗೆಲ್ಲ ಕೇಳಿಸುವ ಆ ದನಿ ಅವನೊಬ್ಬನಿಗೆ ಮಾತ್ರ ಕೇಳುವಷ್ಟು ಸಣ್ಣಗಾಗಿತ್ತು. ಅವನು ಬಿಸ್ಕತ್ತು ಹಿಡಿದ ಕೈಯಿಂದಲೇ ಅವಳ ಭುಜ ಬಳಸಿದ. ಸೀರೆಯ ಮೇಲೆಲ್ಲ ಪುಡಿ ಉದುರಿತು.

ತಮ್ಮ ಜನರಿಂದ ಬಿಡಿಸಿಕೊಂಡು ಬಂದ. ಇಬ್ಬರನ್ನೂ ನೋಡಿ ಏನೋ ಹೇಳಲು ಬಾಯಿ ತೆರೆದ.

"ಬಾಯಿ ಮುಚ್ಚು!" ಎಂದರು ಇಬ್ಬರೂ ಒಟ್ಟಿಗೆ.

"ಭಾನುವಾರ ಇಬ್ರೂ ಊಟಕ್ಕೆ ಬನ್ನಿ," ಅಕ್ಕ ಹೇಳಿದಳು. "ನಾದಿನಿ, ನಮ್ಮವರ ಕಡೆಯವರೆಲ್ಲ ಬರ್ತಿದಾರೆ."

"ಭಾನುವಾರ ನಂಗೆ ಮಧ್ಯಾಹ್ನದ ಡ್ಯೂಟಿ ಇದೆ ಅಕ್ಕ."

"ಬದಲಾಯಿಸ್ಕೋ."

ಸಾಹೇಬರು ಅಲ್ಲೇ ಕಂಬದ ಪಕ್ಕಕ್ಕೆ ಸರಿದು ಫೋನ್ ತೆಗೆದು ಜೊತೆಯ ನರ್ಸಿಗೆ ಕರೆ ಮಾಡಿದರು. ಅಕ್ಕ ಫ್ಲಾಸ್ಕಿನ ಮುಚ್ಚಳಕ್ಕೆ ಬಿಸಿನೀರು ಬಗ್ಗಿಸಿ, ಊದಿ, ತಮ್ಮನ ಕೈಗೆ ಕೊಟ್ಟಳು. ಅವನು ಕುಡಿದು ಮುಗಿಸುವವರೆಗೂ ಎದುರಿಗೇ ನಿಂತಳು.