ಅಕ್ಕ ಜೋಡಿಸಿದ ಆಕಾಶ

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಅಗಲವಾದ ಮೇಜು, ಗೋಡೆಯ ಮೊಳೆಗಳಿಗೆ ನೇತುಬಿದ್ದು ಗಿರಾಕಿಗಳಿಗೆ ಕಾಯುವ ಅಂಗಿ, ಫ್ರಾಕು, ಶಾಲೆಯ ಸಮವಸ್ತ್ರ. ಗಂಡ ಬಸ್ ಡ್ರೈವರ್. "ಊರಿಗೆಲ್ಲಾ ಹೊಸ ಬಟ್ಟೆ, ನನ್ನ ಅಂಗಿಗೆ ಮಾತ್ರ ಗುಂಡಿ ಇಲ್ಲ" ಎಂದು ಅವನು ಗೊಣಗಿದರೆ, "ನೀವು ಮನೆ ಗಿರಾಕಿ ಕಣ್ರೀ, ಕಾಯ್ಬೇಕು" ಎಂದು ಬಾಯಲ್ಲಿ ದಾರ ಕಚ್ಚಿಕೊಂಡೇ ಹೇಳುತ್ತಿದ್ದಳು.

ಒಂದು ದಿನ ಅವಳು ಒಂದೇ ಅಂಗಿಯ ಎರಡು ತೋಳನ್ನೂ ಬಲಗೈಗೇ ಕತ್ತರಿಸಿಟ್ಟಳು. ಸುಸ್ತಾಗಿರಬೇಕು ಅಂದುಕೊಂಡರು. ಆಮೇಲೆ ಸೂಜಿಯ ಕಣ್ಣು ಸಿಗದಾಯಿತು. ಆಮೇಲೆ ಕತ್ತರಿಯ ಹೆಸರೇ ನಾಲಿಗೆಗೆ ಬಾರದೆ, "ಅದು, ಅದು ಕೊಡೇ" ಎಂದು ಮಗಳ ಮುಂದೆ ಎರಡು ಬೆರಳಾಡಿಸಿ ತೋರಿಸಿದಳು. ತಲೆಯೊಳಗೆ ಗಡ್ಡೆ, ಅದೂ ಮುಟ್ಟಲಾಗದ ಜಾಗದಲ್ಲಿ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಮನೆಗೆ ಕರೆದುಕೊಂಡು ಹೋಗಿ ನೆಮ್ಮದಿಯಾಗಿ ನೋಡಿಕೊಳ್ಳಿ ಎಂದೂ ಹೇಳಿದರು. ಆ ಮಾತಿನ ಅರ್ಥ ಡ್ರೈವರನಿಗೆ ಮೆಟ್ಟಿಲಿಳಿಯುವಾಗ ಹೊಳೆಯಿತು. ರೇಲಿಂಗ್ ಹಿಡಿದು ಅಲ್ಲೇ ನಿಂತುಬಿಟ್ಟ.

ಹೊಲಿಗೆ ನಿಂತರೂ ಅವಳ ಕೈ ನಿಲ್ಲಲಿಲ್ಲ. ಹಾಸಿಗೆಯ ಮೇಲೆ ಕೂತು ಹೊದಿಕೆಯ ಅಂಚನ್ನು ಮಡಿಸುವಳು, ಬಿಚ್ಚುವಳು, ಮತ್ತೆ ಮಡಿಸುವಳು. ಅದನ್ನು ನೋಡಲಾರದೆ, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ಒಂದು ಸಂಜೆ ಚೂರು ಜೋಡಿಸಿ ಚಿತ್ರ ಮಾಡುವ ದೊಡ್ಡದೊಂದು ಜಿಗ್ಸಾ ಪಜಲ್‌ನ ಪೆಟ್ಟಿಗೆ ತಂದಳು. ಮುಚ್ಚಳದ ಮೇಲೆ ಒಂದು ಬಂದರಿನ ಚಿತ್ರ: ಕೆಂಪು ದೋಣಿಗಳು, ಹಳದಿ ಮನೆಗಳ ಸಾಲು, ಮೇಲೆ ಅರ್ಧ ಚಿತ್ರದಷ್ಟು ನೀಲಿ ಆಕಾಶ, ಅದರ ಮೂಲೆಯಲ್ಲೊಂದು ಮೋಡ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಒಂದು ರಟ್ಟು ಹಾಸಿ ಚೂರುಗಳನ್ನೆಲ್ಲ ಸುರಿದರು.

ದೋಣಿಗಳನ್ನು ಅವಳು ನೋಡನೋಡುತ್ತಿದ್ದಂತೆ ಕೂರಿಸಿಬಿಟ್ಟಳು. ಬಟ್ಟೆಗೆ ಹೊಂದುವ ದಾರ ಹುಡುಕಿ ಪಳಗಿದ ಕಣ್ಣು. ಕೆಂಪಿನಲ್ಲಿ ಯಾವ ಕೆಂಪು ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಳದಿ ಮನೆಗಳಿಗೆ ಬರುವ ಹೊತ್ತಿಗೆ ಬಲಗೈ ಭಾರವಾಗಿ, ಎಡಗೈಯಲ್ಲಿ ಜೋಡಿಸತೊಡಗಿದಳು. ಡ್ರೈವರ್ ರಜೆ ಹಾಕಿ ಪಕ್ಕದಲ್ಲಿ ಕೂತಿರುತ್ತಿದ್ದ. ಅವನು ಒಂದು ಚೂರು ಎತ್ತಿಕೊಟ್ಟರೆ, "ಕೈ ತೆಗೀರಿ, ಕೆಲಸ ಕೆಡಿಸ್ತೀರಿ" ಎಂದು ಗದರುತ್ತಿದ್ದಳು. ಆ ಗದರಿಕೆ ಕೇಳಲೆಂದೇ ಅವನು ಮತ್ತೆ ಮತ್ತೆ ಎತ್ತಿಕೊಡುತ್ತಿದ್ದ.

ಆಕಾಶ ಬಂದಾಗ ಅವಳ ಕಣ್ಣೂ ಸೋತಿತ್ತು. ಹೆಚ್ಚುಕಡಿಮೆ ಎಲ್ಲ ಚೂರೂ ಒಂದೇ ನೀಲಿ. ಸಿಕ್ಕಿದ್ದನ್ನು ಸಿಕ್ಕಲ್ಲಿ ಇಟ್ಟು ಹೆಬ್ಬೆರಳಿನಿಂದ ಒತ್ತುವಳು. ಕೂರದಿದ್ದರೆ, "ಇಲ್ಲಿ ಸ್ವಲ್ಪ ಬಿಗಿ ಇದೆ" ಎಂದು ಹೇಳಿ ಸಣ್ಣ ಕತ್ತರಿಯಿಂದ ಚೂರಿನ ಹೊರಚಾಚಿದ ಕಿವಿಯನ್ನು ಕಚಕ್ಕನೆ ಕತ್ತರಿಸುವಳು. ಮೊದಲ ಸಲ ಅದನ್ನು ಕಂಡ ಮಗಳು "ಅಯ್ಯೋ ಅಮ್ಮಾ" ಎನ್ನಲು ಬಾಯಿ ತೆರೆದಳು. ಅಪ್ಪ ಕಣ್ಣಲ್ಲೇ ಬೇಡವೆಂದ.

ಕೊನೆಯ ಚೂರನ್ನು ಒತ್ತಿ ಕೂರಿಸಿ ಟೈಲರಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡಳು. ಬಲಗಡೆಯ ಮೇಲಿನ ಮೂಲೆ ನೆನೆದ ಹಪ್ಪಳದ ಹಾಗೆ ಉಬ್ಬಿಕೊಂಡಿತ್ತು. ಮೋಡವೊಂದರ ಅರ್ಧ ಒಂದು ಕಡೆ, ಉಳಿದರ್ಧ ಇನ್ನೊಂದು ಕಡೆ. ಅವಳು ಅಂಗೈಯಿಂದ ಅದನ್ನೆಲ್ಲ ಸವರಿ, "ಮುಗೀತು. ಯಾರು ಬರ್ತಾರೆ ತಗೊಂಡು ಹೋಗೋಕೆ?" ಎಂದಳು.

"ನಾನೇ," ಎಂದ ಡ್ರೈವರ್. "ನಂದೇ ಅದು."

"ಹಾಗಾದ್ರೆ ಸರಿ," ಎಂದಳು. ಆ ತಿಂಗಳು ಮುಗಿಯುವ ಮೊದಲೇ ಅವಳು ಹೋಗಿಬಿಟ್ಟಳು.

ಸಾವಿಗೆ ಬಂದವರೆಲ್ಲ ಹೊರಟ ಮೇಲೂ ಅವಳ ತಂಗಿ ಉಳಿದುಕೊಂಡಳು. ಶಾಲೆಯಲ್ಲಿ ಲೆಕ್ಕದ ಟೀಚರ್. ಮದುವೆಯಾಗಿರಲಿಲ್ಲ, ಅಕ್ಕನ ಮನೆಯೇ ಅವಳಿಗೆ ತವರು. ಅಳಲು ಬಾರದ ಹೆಂಗಸು. ದುಃಖವಾದರೆ ಕಪಾಟು ಖಾಲಿ ಮಾಡಿ ಮತ್ತೆ ಜೋಡಿಸುವಳು. ಡಬ್ಬಿಗಳನ್ನು ತೊಳೆದಳು, ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಇಟ್ಟಳು, ಗಿರಾಕಿಗಳ ಬಟ್ಟೆಯನ್ನು ಅವರವರ ಮನೆಗೆ ಮುಟ್ಟಿಸಿ ಬಂದಳು. ಭಾವನಿಗೂ ಮಗಳಿಗೂ ಹೊತ್ತಿಗೆ ಸರಿಯಾಗಿ ಊಟ ಸಿಕ್ಕಿದ್ದು ಅವಳಿಂದಲೇ.

ಪಜಲ್ ಮಾತ್ರ ಮೇಜಿನ ಮೇಲೆ ಹಾಗೇ ಇತ್ತು. ಡ್ರೈವರ್ ಅದರ ಮೇಲೊಂದು ಬಿಳಿ ಬಟ್ಟೆ ಹೊದಿಸಿದ್ದ. ಫ್ಯಾನ್ ಹಾಕುವಂತಿಲ್ಲ, ಮೇಜು ಸರಿಸುವಂತಿಲ್ಲ. ಕೊನೆಗೊಂದು ಬೆಳಿಗ್ಗೆ, ಹೀಗೆ ಎಷ್ಟು ದಿನ, ಅಂಟು ಹಾಕಿ ಚೌಕಟ್ಟಿನಲ್ಲಿ ಕೂರಿಸುವುದೇ ಸರಿ ಎಂದು ಫ್ರೇಮ್ ಅಂಗಡಿಗೆ ಹೊರಟ.

ಅಂಗಡಿಯವನು ಎಲ್ಲ ಬಿಡಿಸಿ ಹೇಳಿದ. ಅಂಟನ್ನು ನಡುವಿನಲ್ಲಿ ಸುರಿದು ರಟ್ಟಿನ ಅಂಚಿನಿಂದ ತೆಳ್ಳಗೆ ಎಳೆಯಬೇಕು, ಸಂದುಗಳಿಗೆಲ್ಲ ಇಳಿಯಬೇಕು, ಒಣಗುವ ತನಕ ಮುಟ್ಟಬಾರದು, ಆಮೇಲೆ ಹಿಂದೆ ಪ್ಲೈವುಡ್. "ಚಿತ್ರ ಸಮವಾಗಿದೆ ತಾನೇ?" ಎಂದು ಕೇಳಿದ.

"ಒಂದು ಮೂಲೆ ಉಬ್ಬಿದೆ."

"ಹಾಗಾದ್ರೆ ಗಾಜು ಕೂರಲ್ಲ. ಬಿಚ್ಚಿ ಸರಿ ಮಾಡ್ಕೊಂಡು ಬನ್ನಿ."

"ಬಿಚ್ಚೋ ಹಾಗಿಲ್ಲ. ಗಾಜನ್ನೇ ಸ್ವಲ್ಪ ದೂರ ಕೂರ್ಸಿ. ಆಳದ ಚೌಕಟ್ಟು ಬರಲ್ವಾ?"

ಬರುತ್ತದೆ ಎಂದ ಅಂಗಡಿಯವನು. ಎಷ್ಟು ಉಬ್ಬಿದೆ ಎಂದು ಡ್ರೈವರ್ ಹೆಬ್ಬೆರಳಿನ ಉಗುರಿನಿಂದ ಅಳೆದು ತೋರಿಸಿದ. ಅಂಟಿನ ಡಬ್ಬಿ ಹಿಡಿದು ಮನೆಗೆ ಬರುವಾಗ, ಎಷ್ಟೋ ದಿನದ ಮೇಲೆ ಅವನ ಹೆಜ್ಜೆಯಲ್ಲಿ ಒಂದಿಷ್ಟು ಜೀವವಿತ್ತು.

ಬಾಗಿಲಲ್ಲೇ ನಾದಿನಿ ಕಾಯುತ್ತಿದ್ದಳು. "ಭಾವ, ಬನ್ನಿ ಇಲ್ಲಿ. ಏನು ಮಾಡಿದೀನಿ ನೋಡಿ" ಎಂದು ಒಳಗೆ ಕರೆದಳು. ಮುಖದಲ್ಲಿ ಪರೀಕ್ಷೆ ಪಾಸಾದ ಹುಡುಗಿಯ ಕಳೆ.

ಬಿಳಿ ಬಟ್ಟೆ ಮಡಿಸಿ ಬದಿಗಿಟ್ಟಿತ್ತು. ಆಕಾಶ ಸಪಾಟಾಗಿತ್ತು. ಮೋಡ ಒಂದೇ ಮೋಡವಾಗಿ ನಿಂತಿತ್ತು.

"ಮೂಲೆ ಪೂರ್ತಿ ತಪ್ಪಾಗಿತ್ತು ಭಾವ. ನೀವು ಅಂಟು ತರೋಕೆ ಹೋದ್ರಲ್ಲ, ಅಷ್ಟರಲ್ಲಿ ಮುಚ್ಚಳದ ಚಿತ್ರ ನೋಡ್ಕೊಂಡು ಎಲ್ಲ ಸರಿ ಮಾಡ್ದೆ. ಅಕ್ಕನ ಕೆಲಸ ನೋಡಿ ನಾಳೆ ಯಾರೂ ಒಂದು ಮಾತು ಆಡಬಾರದು ಅಂತ."

ಡ್ರೈವರ್ ಡಬ್ಬಿ ಕೆಳಗಿಟ್ಟು ಆ ಮೂಲೆಯ ಮೇಲೆ ಬೆರಳಾಡಿಸಿದ. ಏನೂ ತಡೆಯಲಿಲ್ಲ. "ಚೆನ್ನಾಗಿದೆ" ಎಂದು ಹೇಳಿ ಹಿತ್ತಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಸುಮ್ಮನೆ ಕೈ ತೊಳೆಯತೊಡಗಿದ.

ಸಂಜೆ ಕೆಲಸದಿಂದ ಬಂದ ಮಗಳು ಮಾತ್ರ ಸುಮ್ಮನಿರಲಿಲ್ಲ. "ಚಿಕ್ಕಮ್ಮಾ! ಯಾರು ಹೇಳಿದ್ರು ನಿಂಗೆ ಮುಟ್ಟು ಅಂತ? ಅಮ್ಮ ಕೊನೇಲಿ ಕೂರಿಸಿದ್ದು ಅದು. ಅವಳ ಕೈ ಎಲ್ಲಿ ಸೋತಿತ್ತು, ಕಣ್ಣು ಎಲ್ಲಿ ಸೋತಿತ್ತು, ಎಲ್ಲ ಅದರಲ್ಲೇ ಇತ್ತು. ನಿಂಗೆ ಅದು ತಪ್ಪಾಗಿ ಕಾಣಿಸ್ತಾ? ಇದೇನು ನಿನ್ನ ಶಾಲೆ ಹುಡುಗರ ಲೆಕ್ಕವಾ?"

ಟೀಚರ್ ಮೇಜಿನ ಬಳಿ ಹೋಗಿ, ಆಕಾಶದ ಚೂರುಗಳನ್ನು ಕಿತ್ತು ಹಾಕತೊಡಗಿದಳು. "ಮತ್ತೆ ಹಾಗೇ ಮಾಡ್ತೀನಿ. ಇದು ಇಲ್ಲಿತ್ತು... ಇಲ್ಲ, ಇಲ್ಲಿರಲಿಲ್ಲ. ಭಾವ, ಇದು ಎಲ್ಲಿತ್ತು? ನೀವು ಪಕ್ಕದಲ್ಲೇ ಇದ್ರಲ್ಲ, ಹೇಳಿ ಭಾವ."

ಅವನಿಗೂ ನೆನಪಿರಲಿಲ್ಲ. ಅಷ್ಟು ದಿನ ಅವನು ನೋಡಿದ್ದು ಹೆಂಡತಿಯ ಮುಖವನ್ನು, ಚೂರುಗಳನ್ನಲ್ಲ. ಬಂದು ನಾದಿನಿಯ ಮಣಿಕಟ್ಟು ಹಿಡಿದ.

"ಬಿಡಮ್ಮ. ಈಗ ನಾವು ಕೂತು ಮಾಡಿದ್ರೆ ಅದು ನಮ್ಮ ತಪ್ಪಾಗತ್ತೆ. ಅವಳದಾಗಲ್ಲ."

ಆಗ ಟೀಚರ್ ಅತ್ತಳು. ಸಾವಿನ ದಿನ ಬಾರದ ಅಳು ಈಗ ಬಂತು. ಮೇಜಿನ ಕಾಲ ಬಳಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಬೈದ ಮಗಳೇ ನೀರು ತಂದುಕೊಟ್ಟಳು. ಕೊಟ್ಟು, ಮುಖ ನೋಡದೆ ಒಳಗೆ ಹೋದಳು.

ಮರುದಿನ ಮಗಳು ಕೆಲಸಕ್ಕೆ ಹೋದ ಮೇಲೆ ಭಾವ, ನಾದಿನಿ ಇಬ್ಬರೇ ಕಿತ್ತ ಚೂರುಗಳನ್ನು ಮುಚ್ಚಳದ ಚಿತ್ರದಂತೆ ಮತ್ತೆ ಕೂರಿಸಿದರು. ಟೈಲರಕ್ಕ ಕಿವಿ ಕತ್ತರಿಸಿದ್ದ ಚೂರುಗಳ ಹತ್ತಿರ ಸಣ್ಣ ಸಣ್ಣ ತೂತು ಉಳಿದು ಕೆಳಗಿನ ರಟ್ಟು ಕಾಣುತ್ತಿತ್ತು. "ಇದಕ್ಕೆ ನೀಲಿ ಬಣ್ಣ..." ಎಂದು ಶುರುಮಾಡಿದ ಟೀಚರ್ ತಾನೇ ಬಾಯಿ ಮುಚ್ಚಿಕೊಂಡಳು. ಡ್ರೈವರ್ ಒಂದೊಂದೇ ತೂತಿನ ಮೇಲೆ ಬೆರಳಿಟ್ಟು ನೋಡಿದ.

ಅಂಟು ಸುರಿದು ಅಂಗಡಿಯವನು ಹೇಳಿದಂತೆ ಎಳೆದರು. ಹಾಲಿನ ಹಾಗೆ ಬಿಳಿಯಾಗಿ ಹರಡಿ, ದೋಣಿಯೂ ಮನೆಯೂ ಆಕಾಶವೂ ಎಲ್ಲ ಮುಚ್ಚಿಹೋಯಿತು. ಮಾಡಲು ಇನ್ನೇನೂ ಇರಲಿಲ್ಲ. ಮೇಜಿನ ಆಚೆ ಅವಳು, ಈಚೆ ಅವನು, ಕಾಯುತ್ತ ಕೂತರು.

"ನಾನು ಅವಳನ್ನ ನೋಡಿದ್ದೇ ಮದುವೆ ಮಾತು ಬಂದಾಗ," ಎಂದ ಡ್ರೈವರ್. "ಅದಕ್ಕೆ ಮುಂಚೆ ಹೇಗಿದ್ಲು? ಚಿಕ್ಕವಳಿದ್ದಾಗ?"

ಟೀಚರ್ ಕಣ್ಣೊರೆಸಿಕೊಂಡಳು. "ಸುಳ್ಳಿ," ಎಂದಳು. "ಮಹಾ ಸುಳ್ಳಿ ಭಾವ. ಅಮ್ಮನ ಹೊಸ ಸೀರೆಯ ಸೆರಗಿನಿಂದ ಒಂದು ತುಂಡು ಕತ್ತರಿಸಿ ಬೊಂಬೆಗೆ ಅಂಗಿ ಹೊಲಿದು, ಇಲಿ ಕಚ್ಚಿದೆ ಅಂದಿದ್ಲು. ನನಗೂ ಹಾಗೇ ಹೇಳು ಅಂತ ಕಲಿಸಿದ್ಲು. ನಾನು ಹೇಳಿ ಏಟು ತಿಂದೆ, ಅವಳು ತಪ್ಪಿಸ್ಕೊಂಡ್ಲು."

ಡ್ರೈವರ್ ನಕ್ಕ. "ಇನ್ನೂ ಹೇಳು," ಎಂದ.

ಅಂಟು ಒಣಗಿ ಬಣ್ಣಗಳು ಮೆಲ್ಲಗೆ ಮೇಲೇಳುವ ತನಕ ಅವಳು ಹೇಳುತ್ತಲೇ ಇದ್ದಳು.

ಚಿತ್ರ ಈಗ ಹೊಲಿಗೆ ಕೋಣೆಯಲ್ಲಿ, ಯಂತ್ರದ ಎದುರಿನ ಗೋಡೆಯ ಮೇಲಿದೆ. ಮಗಳು ಚಿಕ್ಕಮ್ಮನೊಡನೆ ಬಹಳ ದಿನ ಮಾತು ಬಿಟ್ಟಿದ್ದಳು. ಈಗ ಆಡುತ್ತಾಳೆ, ಆದರೆ ಮೊದಲಿನ ಸಲಿಗೆ ಇಲ್ಲ. ಶಾಲೆಗೆ ರಜೆ ಬಂದಾಗಲೆಲ್ಲ ಟೀಚರ್ ಬರುತ್ತಾಳೆ. ಚಿತ್ರವಿರುವ ಗೋಡೆಗೆ ಬೆನ್ನು ಹಾಕಿ ಕೂರುತ್ತಾಳೆ. ಊಟವಾದ ಮೇಲೆ ಡ್ರೈವರ್ ಎದುರು ಕುರ್ಚಿ ಎಳೆದುಕೊಂಡು, "ಹೂಂ, ಶುರುಮಾಡು" ಎನ್ನುತ್ತಾನೆ.

"ಎಲ್ಲ ಹೇಳಿ ಆಯ್ತು ಭಾವ. ಇನ್ನೇನೂ ಉಳಿದಿಲ್ಲ," ಎಂದಳು ಅವಳು ಕಳೆದ ಸಲ.

"ಹಾಗಾದ್ರೆ ಹೇಳಿದ್ದನ್ನೇ ಇನ್ನೊಂದು ಸಲ ಹೇಳು."

ಅವಳು ಹೇಳಿದಳು.