ಒಲೆ ಹಚ್ಚದ ಶುಕ್ರವಾರ, ಶನಿವಾರ

ಮಸ್ಕತ್ತಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಉಳಿದ ದಿನ ಫೋನಿಗೂ ಸಿಗದ ನಮ್ಮ ಕಡೆಯ ಜನಕ್ಕೆ ಆ ಎರಡು ದಿನ ಎಲ್ಲಿಲ್ಲದ ನಂಟಸ್ತಿಕೆ ಉಕ್ಕಿ ಬರುತ್ತದೆ. ಊರಲ್ಲಿದ್ದಾಗ ಕೊಪ್ಪದವರಿಗೆ ಶೃಂಗೇರಿಯವರು ಯಾರೋ, ನರಸಿಂಹರಾಜಪುರದವರು ಯಾರೋ. ಮಸ್ಕತ್ತಿಗೆ ಹೋದ ಮೇಲೆ ಎಲ್ಲರೂ ಒಂದೇ ಮನೆಯವರು! ಹಾಗಿದ್ದೂ ಫರಹತ್ ಮತ್ತು ಅವಳ ಗಂಡ ಹಸೀಬನಿಗೆ ಆ ವಾರ ಬಂದಷ್ಟು ಊಟದ ಕರೆ ಮದುವೆಯಾದ ಹೊಸತರಲ್ಲೂ ಬಂದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಯಾಸ್ಮೀನ್ ಮನೆಯಲ್ಲಿ ತಿಂಡಿ. ಯಾಸ್ಮೀನ್ ನರಸಿಂಹರಾಜಪುರದವಳು, ಪಕ್ಕದ ಬಿಲ್ಡಿಂಗು. ಜುಮ್ಮಾ ನಮಾಜು ಮುಗಿಸಿ ಹಸೀಬನ ಗೆಳೆಯನಲ್ಲಿ ಬಿರಿಯಾನಿ. ಸಂಜೆ ಹರಿಹರಪುರದ ದಿವ್ಯಳ ಮಗಳ ಹುಟ್ಟುಹಬ್ಬ. ಅಲ್ಲಿ ಫರಹತ್ ಮಕ್ಕಳ ಜೊತೆ ಬಲೂನು ಹಿಡಿದು ಕುಣಿದಳು. ದಿವ್ಯ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿಯೂ ಆಯಿತು.

ಆದರೆ ಫರಹತ್‌ಳ ಜೀವವೆಲ್ಲ ಕೊಪ್ಪದಲ್ಲಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಕೊಡೆ, ಚಪ್ಪಲಿ ಮಾರುವ ಅವಳ ತಂದೆ ಕಮಾಲುದ್ದೀನರಿಗೆ ಹೋದ ತಿಂಗಳು ಎದೆನೋವು ಬಂದಿತ್ತು. ಎರಡು ಸಲ ಬಸಿರು ನಿಲ್ಲದೆ ಹೋದ ಮೇಲೆ ಈಗ ಅವಳಿಗೆ ಐದು ತಿಂಗಳು. ಹೆರಿಗೆಗೆ ಮೊದಲು ಒಮ್ಮೆ ಹೋಗಿ ಅಬ್ಬಾನ ಮುಖ ನೋಡಿ ಬರುತ್ತೇನೆಂದು ಹಟ ಹಿಡಿದಿದ್ದಳು. ಶುಕ್ರವಾರ ಅಂಗಡಿ ಬಾಗಿಲು ಹಾಕುವ ಮೊದಲು ಅವರು ಮಗಳಿಗೆ ಫೋನ್ ಮಾಡುವುದು ತಪ್ಪಿದ್ದಿಲ್ಲ. ಈ ಶುಕ್ರವಾರ ನೋಡಿದರೆ ಅವಳ ಫೋನೇ ಕೈಯಲ್ಲಿಲ್ಲ. ಚಾರ್ಜ್ ನಿಲ್ಲುತ್ತಿಲ್ಲವೆಂದು ಗುರುವಾರ ರಾತ್ರಿ ಹಸೀಬ್ ರಿಪೇರಿಗೆ ಕೊಟ್ಟಿದ್ದ.

"ನಿಮ್ಮ ಫೋನಿಂದ ಮಾಡಿ ಕೊಡ್ರೀ."

"ಮಾಡಿದೆ ಮಾರಾಯ್ತಿ. ಊರಲ್ಲಿ ಗಾಳಿ ಮಳೆಯಂತೆ, ಟವರ್ ಇಲ್ಲ."

ಮಳೆಗಾಲದಲ್ಲಿ ಮಲೆನಾಡಿನ ಟವರ್ ಕೈಕೊಡುವುದು ಹೊಸತೇನಲ್ಲ. ಅವಳು ನಂಬಿದಳು.

ಶನಿವಾರ ಬೆಳಗಿನ ತಿಂಡಿಯನ್ನು ಯಾಸ್ಮೀನಳೇ ತಂದುಕೊಟ್ಟಳು. ಮಧ್ಯಾಹ್ನ ಸಮುದ್ರ ದಂಡೆಯಲ್ಲಿ ಊರವರದೆಲ್ಲ ಸೇರಿ ಊಟ. ಮನೆಗೆ ಬಂದು ಕಾಲು ಚಾಚುವಷ್ಟರಲ್ಲಿ ಯಾಸ್ಮೀನ್ ಮತ್ತೆ ಬಾಗಿಲಲ್ಲಿ, ಕೈಯಲ್ಲಿ ಟಿಫನ್ ಕ್ಯಾರಿಯರ್.

"ಎಂತದೇ ಇದು? ನಾನು ಬಸುರಿ ಹೌದು, ಬಕಾಸುರ ಅಲ್ಲ," ಎಂದು ಫರಹತ್ ನಕ್ಕಳು. "ಕೂತ್ಕೋ, ಒಂದು ಚಹಾನಾದ್ರೂ ಮಾಡ್ತೀನಿ."

ಅವಳು ಸ್ಟವ್ ಹತ್ತಿಸಲು ಹೋದಳು. ಯಾಸ್ಮೀನ್ ಓಡಿಬಂದು ಕೈ ಹಿಡಿದುಬಿಟ್ಟಳು.

"ಬೇಡ. ಒಲೆ ಹಚ್ಚಬೇಡ ಫರಹತ್."

ಹಿಡಿದ ಕೈ ಬಿಡಲೇ ಇಲ್ಲ. ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ, ನೆಂಟರು ನೆರೆಯವರು ಉಣಿಸುತ್ತಾರೆ. ಚಿಕ್ಕಂದಿನಲ್ಲಿ ಅಮ್ಮೀ ಕಟ್ಟಿಕೊಟ್ಟ ಬುತ್ತಿಯನ್ನು ಅಂಥ ಮನೆಗಳಿಗೆ ಹೊತ್ತವಳು ಫರಹತ್. ನಿನ್ನೆಯಿಂದ ತನ್ನ ಮನೆಯಲ್ಲಿ ಹಾಲೂ ಕಾದಿಲ್ಲವೆಂಬುದು ಈಗ ಹೊಳೆಯಿತು. ಅಷ್ಟೂ ಔತಣಗಳು ಅವಳ ಕಣ್ಣಮುಂದೆ ಬಂದವು.

"ಯಾರು?" ಎಂದಳು. "ಅಬ್ಬಾನಾ?"

ಯಾಸ್ಮೀನ್ ಅಳತೊಡಗಿದಳು. "ಗುರುವಾರ ಸಂಜೆ. ಹೇಳಬಾರ್ದು ಅಂತ ಹಸೀಬ್ ಭಾಯಿ ಆಣೆ ಹಾಕಿಸಿದ್ರು. ನಿನ್ನ ಮನೇಲಿ ಒಲೆ ಉರಿಯೋದನ್ನ ನೋಡೋಕೆ ನನಗಾಗ್ಲಿಲ್ಲ."

ಗುರುವಾರ ಸಂಜೆ! ಆ ರಾತ್ರಿಯ ವಿಮಾನ ಹತ್ತಿದ್ದರೆ ಶುಕ್ರವಾರ ಜುಮ್ಮಾದ ಹೊತ್ತಿಗೆ ಕೊಪ್ಪದಲ್ಲಿರುತ್ತಿದ್ದಳು. ಅದರ ಬದಲು ಇಲ್ಲಿ ಅವಳು ಬಿರಿಯಾನಿಗೆ ಇನ್ನಷ್ಟು ಮೊಸರುಬಜ್ಜಿ ಹಾಕಿಸಿಕೊಳ್ಳುತ್ತಿದ್ದಳು.

ಒಳಗಿನ ಕೋಣೆಯಿಂದ ಹಸೀಬ್ ಬಂದು ಬಾಗಿಲಲ್ಲೇ ನಿಂತ. "ಮಗು ಉಳೀಲಿ ಅಂತ ಮಾಡಿದೆ," ಎಂದ. ಫರಹತ್ ಯಾಸ್ಮೀನಳ ಫೋನ್ ಕಸಿದುಕೊಂಡು ಬಾಯಿಪಾಠವಾಗಿದ್ದ ಅಬ್ಬಾನ ನಂಬರ್ ಒತ್ತಿದಳು. ಮೊದಲ ಗಂಟೆಗೇ ಎತ್ತಿದರು. ಅವಳ ತಾಯಿ ಶಕೀಲಾ.

"ಅಮ್ಮೀ, ನಾನು..."

"ಎಂತ ಫರಹತ್, ಈಗ ಬಿಡುವಾಯ್ತಾ?"

ಆ ದನಿಯಲ್ಲಿ ಅಳುವಿನ ಪಸೆಯೂ ಇರಲಿಲ್ಲ. ಶಕೀಲಾ ಮಾತು ಮುಂದುವರಿಸಿದರು.

"ನೀನು ಬರೋವರೆಗೆ ಮಯ್ಯತ್ತು ಇಟ್ಕೋತೀನಿ ಅಂದ ನಿನ್ನ ತಮ್ಮ ವಸೀಂ. ನೀನೇ ಬರಲ್ಲ, ಮಣ್ಣು ಮಾಡಿ ಅಂದ್ಯಂತೆ. ಹಸೀಬ್ ಹೇಳಿದ. ಆಗ್ಲಿ, ದೂರ, ಬಸುರಿ ಅಂತ ಜನರ ಮುಂದೆ ಹೇಳಿದೆ. ಮಣ್ಣು ಮಾಡಿದ ದಿನ ಸಂಜೆಗೇ ಯಾರೋ ನಿನ್ನ ಬಲೂನಿನ ಫೋಟೋ ತೋರಿಸಿದ್ರು."

ಹಸೀಬ್ ಗೋಡೆಗೆ ಒರಗಿದ. ನಿಜ ಹೇಳಿದ್ದರೆ ವಸೀಂ ದಫನ್ ನಿಲ್ಲಿಸುತ್ತಿದ್ದ, ಇವಳು ಹೊರಟೇಬಿಡುತ್ತಿದ್ದಳು. ಆ ಭಯಕ್ಕೆ ಹೇಳಿದ ಸುಳ್ಳು. ಒಳ್ಳೆಯದಕ್ಕೇ ಹೇಳಿದ್ದನಂತೆ ಪುಣ್ಯಾತ್ಮ! ಹೆಂಡತಿಯ ಬಾಯಿಂದ ಅಂಥ ಮಾತು ಆಡಿಸಲು ಇವನಿಗೆ ಹಕ್ಕು ಕೊಟ್ಟವರು ಯಾರು?

ಫರಹತ್ ಸ್ಪೀಕರ್ ಹಾಕಿ ಫೋನನ್ನು ಅವನ ಮುಖದ ಮುಂದೆ ಹಿಡಿದಳು.

"ನೀವೇ ಹೇಳಿ," ಎಂದಳು. "ನನ್ನ ಮಾತು ಅವರು ನಂಬಲ್ಲ."

ಹಸೀಬ್ ಫೋನಿನ ಕಡೆ ಬಗ್ಗಿದ. "ಅವಳಿಗೆ ಗೊತ್ತೇ ಇರ್ಲಿಲ್ಲ ಅಮ್ಮೀ. ಈಗ ಗೊತ್ತಾಯ್ತು. ಅವಳು ಏನೂ ಅಂದಿರ್ಲಿಲ್ಲ. ಎಲ್ಲ ನಾನೇ."

ಆ ಕಡೆಯಿಂದ ಶಕೀಲಾ ಚೀರಿದ ಚೀರಿಗೆ ಯಾಸ್ಮೀನ್ ಕಿವಿ ಮುಚ್ಚಿಕೊಂಡಳು.

"ಅವರ ಮಯ್ಯತ್ತಿನ ಮುಂದೆ ಕೂತು ನಾನು ಅವಳಿಗೆ ಶಾಪ ಹಾಕಿದ್ನಲ್ಲೋ ಹಸೀಬ್! ಬಸುರಿ ಮಗಳಿಗೆ!"