ಗೋಡೆ ಕಡೆಯ ಜಾಗ

ವೀಸಾ ನಿರಾಕರಣೆಯ ಪತ್ರ ಓದಿ ಖುಷಿಪಟ್ಟವರೆಂದರೆ ವಕೀಲೆ ಒಬ್ಬರೇ.

"ನೀವೇ ಹೇಳಿದ್ದೀರಲ್ಲಮ್ಮ, ಗಂಡ ಹಾಲ್‌ನಲ್ಲಿ ಮಲಗ್ತಿದ್ರು, ನಾನು ಅಮ್ಮನ ಜೊತೆ ಒಳಗೆ ಅಂತ. ಅಧಿಕಾರಿ ಹಾಗೇ ಬರ್ಕೊಂಡಿದ್ದಾರೆ. ಗಂಡ ಹೆಂಡತಿಯಾಗಿ ಬಾಳಲೇ ಇಲ್ಲ ಅಂದ್ಮೇಲೆ ಮದುವೆ ಅಸಿಂಧು ಅಂತ ಕೋರ್ಟು ಹೇಳುತ್ತೆ. ವಿಚ್ಛೇದನದ ರಗಳೆಯೇ ಬೇಡ."

"ವಿಚ್ಛೇದನ ಅಂದ್ರೆ ಯಾಕೆ ಬಿಟ್ಟ, ಏನಾಯ್ತು ಅಂತ ನೂರು ಜನ ಕೇಳ್ತಾರೆ," ಎಂದರು ಅಮ್ಮ. "ಮದುವೆಯೇ ಆಗಿಲ್ಲ ಅಂದ್ರೆ ಕೇಳೋದೇನು?"

ಮಗಳು ಮೇಜಿನ ಮೇಲಿದ್ದ ವಕೀಲೆಯ ಕನ್ನಡಕ ನೋಡುತ್ತಿದ್ದಳು. ಎಡಗಡೆಯ ಕಡ್ಡಿ ಸಡಿಲವಾಗಿತ್ತು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಎದುರಿನವರ ಕಣ್ಣು ನೋಡಲಾಗದಾಗ ಅವಳು ಅವರ ಕನ್ನಡಕ ನೋಡುತ್ತಿದ್ದಳು.

ಯಾರು ಎಲ್ಲಿ ಮಲಗುತ್ತಿದ್ದರೆಂಬ ಆ ಮಾತು ಅವಳದೇ. ಆದರೆ ಅದು ಸುಳ್ಳು.

ಗಂಡ ಪರದೇಶದವನು. ಪಾನೀಯದ ಕಾರ್ಖಾನೆಯಲ್ಲಿ ಬಾಟಲಿ ತುಂಬುವ ಯಂತ್ರ ಜೋಡಿಸಲು ಬಂದವನು, ಒಂದು ದಿನ ತನ್ನ ಕನ್ನಡಕದ ಮೇಲೆ ತಾನೇ ಕೂತು, ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅಂಗಡಿಗೆ ಬಂದಿದ್ದ. ಮದುವೆಯಾದ ಮೇಲೆ ಅವಳ ಮನೆಯಲ್ಲೇ ಇದ್ದ. ಓಣಿಯವರು 'ಬಾಟ್ಲಿ ಅಳಿಯ' ಎಂದು ಕರೆದರೆ ಅದೇನೋ ಬಿರುದೆಂದುಕೊಂಡು ತಲೆಬಾಗುತ್ತಿದ್ದ. ಯಂತ್ರದ ಕೆಲಸ ಮುಗಿದದ್ದೇ ಇಲ್ಲಿರಲು ಅವನಿಗಿದ್ದ ಪರವಾನಗಿಯೂ ಮುಗಿಯಿತು. ತನ್ನ ದೇಶಕ್ಕೆ ಹಿಂದಿರುಗಿ, ಹೆಂಡತಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ.

ಸಂದರ್ಶನದ ದಿನ ಅವಳನ್ನು ಇಲ್ಲಿನ ವೀಸಾ ಕಚೇರಿಯಲ್ಲಿ ಕೂರಿಸಿದರು, ಅವನನ್ನು ಅವನ ಊರಿನಲ್ಲಿ. ಇಬ್ಬರಿಗೂ ಒಂದೇ ಪ್ರಶ್ನೆಗಳು. ಮದುವೆ ನಿಜದ್ದೋ ವೀಸಾಕ್ಕಾಗಿ ಹೂಡಿದ್ದೋ ಎಂದು ತೂಗಿ ನೋಡುವ ಕ್ರಮ ಅದು. ಅವಳು ತಯಾರಾಗಿಯೇ ಹೋಗಿದ್ದಳು. ಅತ್ತೆಯ ಹುಟ್ಟೂರಿನಿಂದ ಹಿಡಿದು ಅವನ ಚಪ್ಪಲಿಯ ಅಳತೆಯವರೆಗೆ ಬಾಯಿಪಾಠ ಮಾಡಿದ್ದಳು. ಆದರೆ ದುಭಾಷಿಯ ಕುರ್ಚಿಯಲ್ಲಿ ಹಡಗು ಚಿಕ್ಕಪ್ಪ ಕೂತಿದ್ದರು.

ತೀರಿಹೋದ ಅಪ್ಪನ ಗೆಳೆಯ. ಹಡಗಿನ ಅಡುಗೆಮನೆಗಳಲ್ಲಿ ದುಡಿಯುತ್ತ ಗಂಡನ ದೇಶದ ಭಾಷೆ ಕಲಿತವರು. ಚಿಕ್ಕವಳಿದ್ದಾಗ ಅವಳನ್ನು ಹೆಗಲ ಮೇಲೆ ಹೊತ್ತು ಓಣಿಯೆಲ್ಲ ಸುತ್ತಿಸಿದವರು.

"ರಾತ್ರಿ ಗಂಡ ಎಲ್ಲಿ ಮಲಗ್ತಿದ್ದ, ನೀನೆಲ್ಲಿ ಮಲಗ್ತಿದ್ದೆ ಅಂತ ಕೇಳ್ತಿದ್ದಾರಮ್ಮ," ಎಂದರು ಅವರು, ನೆಲ ನೋಡುತ್ತ.

ಅಪ್ಪನ ಸಮಾನರಾದವರ ಮುಂದೆ ಹೇಳುವುದಾದರೂ ಹೇಗೆ? ಅವಳ ಬಾಯಿಂದ ಹಾಲ್, ಅಮ್ಮ, ಒಳಕೋಣೆ ಬಂತು. ಆ ಮನೆಗೆ ದಿನಾ ಬರುವ ಚಿಕ್ಕಪ್ಪನಿಗೆ ಹಾಲ್‌ನಲ್ಲಿ ಮಲಗುವುದು ಅಮ್ಮನೆಂದು ಚೆನ್ನಾಗಿ ಗೊತ್ತಿತ್ತು. ಒಮ್ಮೆ ತಲೆಯೆತ್ತಿ ಅವಳನ್ನು ನೋಡಿ, ಅವಳು ಹೇಳಿದ್ದನ್ನೇ ಅಧಿಕಾರಿಗೆ ಹೇಳಿದರು. ದುಭಾಷಿಯ ಕೆಲಸ ಅಷ್ಟೇ.

ಅಲ್ಲಿ ಗಂಡ ಹೇಳಿದ್ದು: ಒಂದೇ ಮಂಚ, ಅವಳು ಗೋಡೆ ಕಡೆ, ಹೊದಿಕೆ ಪೂರ್ತಿ ಅವಳದೇ.

ಹೇಳಿಕೆಗಳು ತಾಳೆಯಾಗುತ್ತಿಲ್ಲವೆಂದು ವೀಸಾ ನಿರಾಕರಿಸಿದರು. ಗಂಡ ಫೋನಿನಲ್ಲಿ ತನ್ನ ಹರಕು ಕನ್ನಡದಲ್ಲಿ ಕೂಗಾಡಿದ: "ಚಿಕ್ಕಪ್ಪ ತಪ್ಪು ಮಾಡಿತು! ನಿನ್ನ ಮಾತು ಅವರು ಕೆಡಿಸಿತು!" ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಅವನು ದೂರು ಬರೆದ. ವೀಸಾ ಕಚೇರಿ ಚಿಕ್ಕಪ್ಪನನ್ನು ಕರೆಯುವುದನ್ನು ನಿಲ್ಲಿಸಿತು. ಓಣಿಯಲ್ಲಿ ಸಿಕ್ಕರೆ ಅವರು ಎಂದಿನಂತೆ "ಊಟ ಆಯ್ತಾ ಮಗಳೇ?" ಎನ್ನುತ್ತಿದ್ದರು. ಅವಳು ಹಿಂದಿನ ಬೀದಿಯಿಂದ ಸುತ್ತಿಕೊಂಡು ಮನೆಗೆ ಹೋಗತೊಡಗಿದಳು.

ಎರಡನೆಯ ಅರ್ಜಿಯೂ ಬಿದ್ದುಹೋಯಿತು. ಹಳೆಯ ಹೇಳಿಕೆಯನ್ನು ತಿದ್ದಬೇಕಾದರೆ ಅದು ತನ್ನದೇ ಸುಳ್ಳೆಂದು ಗಂಡನಿಗೆ ಮೊದಲು ಹೇಳಬೇಕಿತ್ತು. ಅಮ್ಮ ವಕೀಲೆಯ ಹತ್ತಿರ ಹೋಗೋಣವೆಂದಾಗ ಅವಳು ಬೇಡವೆನ್ನಲಿಲ್ಲ. ನಿಜ ಹೇಳುವುದಕ್ಕಿಂತ, ಮದುವೆಯೇ ಆಗಿರಲಿಲ್ಲವೆನ್ನುವುದು ಸುಲಭವಾಗಿ ಕಂಡಿತು. ಕೋರ್ಟಿನ ನೋಟಿಸು ಸಿಕ್ಕ ದಿನ ಗಂಡ ಫೋನು ಮಾಡಿ, "ಇದು ಏನು ಕಾಗದ?" ಎಂದ. ಅವಳು ಆಮೇಲೆ ಮಾಡುತ್ತೇನೆಂದು ಇಟ್ಟುಬಿಟ್ಟಳು. ಮಾಡಲಿಲ್ಲ.

ವಿಚಾರಣೆಯ ದಿನ ಕೋರ್ಟಿನ ಮೆಟ್ಟಿಲ ಬಳಿ ಅಮ್ಮ ಅವಳ ತೋಳು ಹಿಡಿದುಕೊಂಡರು.

"ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ. ಕೇಳಿದ್ದಕ್ಕೆ ಎರಡು ಮಾತು ಹೇಳಿ ಬಂದುಬಿಡು."

"ಅಮ್ಮಾ, ನಿನಗೂ ಗೊತ್ತಲ್ಲ."

"ನನಗೇನು ಗೊತ್ತು? ನಂದು ಗಾಢ ನಿದ್ದೆ," ಎಂದರು, ಬೆಳಗಿನ ಜಾವ ಅಡುಗೆಮನೆಗೆ ಹೋಗುವಾಗೆಲ್ಲ ಒಳಕೋಣೆಯ ಮುಂದೆ ಎರಡು ಸಲ ಕೆಮ್ಮುತ್ತಿದ್ದ ಅಮ್ಮ.

ಒಳಗೆ ಗೋಡೆಯ ವಿಡಿಯೊ ಪರದೆಯ ಮೇಲೆ ಗಂಡ ಕಾಣಿಸಿದ. ಕನ್ನಡಕ ಬಲಕ್ಕೆ ವಾಲಿತ್ತು, ಕೀಲಿಗೆ ಕಪ್ಪು ಟೇಪು ಸುತ್ತಿತ್ತು. ಅವಳನ್ನು ಬಿಟ್ಟು ಬೇರೆ ಯಾರಿಗೂ ರಿಪೇರಿಗೆ ಕೊಡುವುದಿಲ್ಲವೆಂದು ಹಟ ಹಿಡಿದಿದ್ದ. ಪರದೆಯ ಪಕ್ಕದ ದುಭಾಷಿಯ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹಡಗು ಚಿಕ್ಕಪ್ಪ ಕೂತಿದ್ದರು. ಕೋರ್ಟಿಗೆ ಆ ಭಾಷೆ ಬಲ್ಲವರು ಬೇರೆ ಯಾರೂ ಸಿಕ್ಕಿರಲಿಲ್ಲ.

ಗಂಡ ಅವರನ್ನು ಕಂಡವನೇ ಕನ್ನಡದಲ್ಲೇ ಹೇಳಿದ: "ಈ ಮನುಷ್ಯ ಬೇಡ. ಇವರು ಸುಳ್ಳು ಹೇಳುತ್ತೆ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ಚಿಕ್ಕಪ್ಪನ ಕಡೆ ತಿರುಗಿದರು. "ಏನ್ರೀ ಇದು?"

"ವೀಸಾ ಸಂದರ್ಶನದಲ್ಲಿ ಇವರ ಹೆಂಡತಿ ಮಾತನ್ನ ನಾನು ತಪ್ಪಾಗಿ ಹೇಳಿದೆ ಅಂತ ಇವರ ದೂರು, ಸ್ವಾಮಿ."

"ಹೇಳಿದ್ರಾ?"

ಚಿಕ್ಕಪ್ಪ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಅವಳ ಕಡೆ ನೋಡಲಿಲ್ಲ.

"ವಯಸ್ಸಾಯ್ತು ಸ್ವಾಮಿ. ಹೇಳಿದ್ರೂ ಹೇಳಿರಬಹುದು."

ಅವಳಿಗೆ ಕೂತಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಭೂಮಿ ಬಾಯಿಬಿಡಲಿಲ್ಲ. ಎದ್ದು ನಿಂತಳು. ಅಮ್ಮ ಸೆರಗು ಜಗ್ಗಿದರು.

"ಅವರು ತಪ್ಪು ಹೇಳಿಲ್ಲ. ನಾನು ಹೇಳಿದ್ದನ್ನೇ ಹೇಳಿದ್ರು. ಸುಳ್ಳು ಹೇಳಿದ್ದು ನಾನು."

"ಕೂತ್ಕೊಳ್ಳಿ, ನಾನು ಮಾತಾಡ್ತೀನಿ," ಎಂದರು ವಕೀಲೆ.

"ಇವರು ನನಗೆ ಚಿಕ್ಕಪ್ಪ ಇದ್ದ ಹಾಗೆ. ಇವರ ಮುಂದೆ ಹೇಗೆ ಹೇಳ್ಲಿ ಅಂತ ಏನೋ ಒಂದು ಹೇಳಿಬಿಟ್ಟೆ." ಅವಳ ಧ್ವನಿ ಇಳಿಯಿತು. "ನಾವು ಗಂಡ ಹೆಂಡತಿಯಾಗೇ ಇದ್ವಿ. ಒಂದೇ ಮಂಚ. ನಾನು ಗೋಡೆ ಕಡೆ."

ಬೆರಳಚ್ಚಿನ ಗುಮಾಸ್ತ ಕೈ ನಿಲ್ಲಿಸಿದ. "ಗೋಡೆ ಕಡೆ ಅನ್ನೋದೂ ಬೇಕಾ ಸ್ವಾಮಿ?"

"ಹಾಕ್ರೀ. ಮತ್ತೆ, ದುಭಾಷಿಗಳೇ, ಅವರಿಗೂ ಹೇಳ್ಬೇಕಲ್ಲ."

ಚಿಕ್ಕಪ್ಪ ನೆಲ ನೋಡುತ್ತ ಭಾಷಾಂತರಿಸಿದರು. ಅವಳಿಗೆ ಆ ಭಾಷೆಯ ನಾಲ್ಕಾರು ಪದ ಬರುತ್ತಿದ್ದವು. ಮಂಚ ಬಂತು, ಗೋಡೆ ಬಂತು. ಸುಳ್ಳು ಎನ್ನುವ ಪದ ಬಂದಾಗ ಅವಳು ಕಣ್ಣು ಮುಚ್ಚಿದಳು.

ಗಂಡ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಕೂತ. ನೋಡಲು ಕನ್ನಡಕವೂ ಇಲ್ಲದೆ ಅವಳು ಅವನ ಮುಖವನ್ನೇ ನೋಡಬೇಕಾಯಿತು.

"ಚಿಕ್ಕಪ್ಪ," ಎಂದ ಕೊನೆಗೆ. "ನನ್ನದು ತಪ್ಪು." ಆಮೇಲೆ ತನ್ನ ಭಾಷೆಯಲ್ಲಿ ಏನನ್ನೋ ಕೇಳಿದ.

ವಕೀಲೆ ಕಡತ ಕಟ್ಟತೊಡಗಿದ್ದರು. ಅರ್ಜಿಯಲ್ಲಿ ಇನ್ನೇನೂ ಉಳಿದಿಲ್ಲ, ವಜಾ ಎಂದರು ನ್ಯಾಯಾಧೀಶರು. ಅಮ್ಮ ಯಾರಿಗೂ ಕಾಯದೆ ಹೊರಗೆ ನಡೆದರು. ಗುಮಾಸ್ತ ಪರದೆಯನ್ನು ಆರಿಸಲು ಎದ್ದ. ನ್ಯಾಯಾಧೀಶರು ಸ್ವಲ್ಪ ಇರಲೆಂದು ಕೈ ತೋರಿಸಿದರು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಿದ್ದಾನಮ್ಮ," ಎಂದರು ಚಿಕ್ಕಪ್ಪ.

"ನಾಚಿಕೆ ಆಯ್ತು ಅಂತ ಹೇಳಿ ಚಿಕ್ಕಪ್ಪ."

"ಅಷ್ಟೇ ಸಾಕಾ?"

"ಸಾಕಾಗಲ್ಲ. ಆದ್ರೂ ಹೇಳಿ."

ಅವರು ಹೇಳಿದರು. ಈ ಸಲ ನೆಲ ನೋಡಲಿಲ್ಲ.